ಅಕ್ಕನ ಒಂದೇ ಫಂಡು

ತಿಂಗಳ ಮೊದಲ ವಾರ ಬಂತೆಂದರೆ ನನ್ನ ಕೈ ಈಗಲೂ ತಾನಾಗಿ ಮೊಬೈಲಿನ ಕಡೆ ಹೋಗುತ್ತದೆ. ಇಮೇಲ್ ತೆರೆಯುತ್ತೇನೆ. ಕರೆಂಟ್ ಬಿಲ್ಲು ಇರುತ್ತದೆ, ಇಲಾಖೆಯ ಸುತ್ತೋಲೆ ಇರುತ್ತದೆ, ನಾನು ಕೇಳದಿದ್ದರೂ ನನಗೆ ಸಾಲ ಕೊಡಲು ತುದಿಗಾಲಲ್ಲಿ ನಿಂತವರ ಪತ್ರಗಳಿರುತ್ತವೆ. ನಾನು ಹುಡುಕುವ ಪತ್ರ ಮಾತ್ರ ಇರುವುದಿಲ್ಲ. ಅದು ನಿಂತು ಮೂರು ವರ್ಷದ ಮೇಲಾಯಿತು. ಯಾಕೆ ನಿಂತಿತು ಅಂತಲೂ ನನಗೆ ಚೆನ್ನಾಗಿ ಗೊತ್ತು. ಆದರೂ ಕೈ ಕೇಳುವುದಿಲ್ಲ.

ಆ ಪತ್ರ ನನಗೆ ಬರೆದದ್ದಾಗಿರಲಿಲ್ಲ. ಅದು ನನ್ನ ಅಕ್ಕ ಮಹಾನಂದಾಳ ಮ್ಯೂಚುವಲ್ ಫಂಡಿನ ತಿಂಗಳ ಲೆಕ್ಕ. ಅಕ್ಕ ಚಿಂಚೋಳಿಯಲ್ಲಿದ್ದಾಳೆ, ಚಿಮ್ಮನಚೋಡದ ಅಂಗನವಾಡಿಯಲ್ಲಿ ಶಿಕ್ಷಕಿ. ನಾನು ಸೇಡಂನಲ್ಲಿದ್ದೇನೆ, ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಫಂಡಿನ ಅರ್ಜಿ ತುಂಬುವಾಗ ಇಮೇಲ್ ಯಾವುದು ಎಂದು ಕೇಳಿದರೆ ಅಕ್ಕ, "ನನಗೆಲ್ಲಿ ಇಮೇಲು? ನನ್ನ ತಮ್ಮಂದೇ ಬರಕೊಳ್ರಿ" ಅಂದಳು. ಅಲ್ಲಿಂದ ಮುಂದೆ ಹತ್ತು ಹನ್ನೆರಡು ವರ್ಷ, ತಿಂಗಳಿಗೊಮ್ಮೆ, ಅಕ್ಕನ ಭಾಗ್ಯ ನನ್ನ ಮೊಬೈಲಿಗೆ ಬಂದು ಬೀಳುತ್ತಿತ್ತು. ಪತ್ರ ತೆರೆಯಲು ಆಕೆಯ ಪ್ಯಾನ್ ಸಂಖ್ಯೆ ಬೇಕು. ಅದನ್ನು ಮಾಡಿಸಿಕೊಟ್ಟವನೂ ನಾನೇ. ಬಾಯಿಪಾಠವಾಗಿತ್ತು.

"ಇನ್ನೊಬ್ರ ಚೀಟಿ ಯಾಕ ತಗದು ಓದ್ತೀರಿ?" ಎಂದು ನನ್ನ ಹೆಂಡತಿ ಸುವರ್ಣಾ ಒಂದು ಸಲ ಕೇಳಿದಳು.

"ಅಕ್ಕಗ ತಿಳಿಯಂಗಿಲ್ಲ. ಏನರ ತಪ್ಪಿದ್ರ ನೋಡಬೇಕಲ್ಲ?" ಅಂದೆ.

"ತಪ್ಪಿಲ್ಲಂದ್ರ ನಿಮ್ಮ ಮಾರಿ ಖುಷಿಯಾಗಿರಬೇಕಿತ್ತು. ಓದಿದ ದಿನ ನೀವು ಊಟಾನೇ ಸರಿ ಮಾಡಂಗಿಲ್ಲ" ಅಂದಳು. ಸುವರ್ಣಾ ಜಾಣೆ. ಅದಕ್ಕೇ ಆಕೆಯೊಂದಿಗೆ ನಾನು ಹಣಕಾಸಿನ ವಿಷಯ ಮಾತಾಡುವುದಿಲ್ಲ.

ತಪ್ಪೇನೂ ಇರುತ್ತಿರಲಿಲ್ಲ. ಒಂದೇ ಫಂಡು, ಒಂದೇ ಹೆಸರು, ತಿಂಗಳಿಗೊಂದು ಕಂತು. ಕೆಳಗೆ ಒಟ್ಟು ಮೊತ್ತ. ಆ ಮೊತ್ತ ನೋಡಿದಾಗ ನನ್ನ ಎದೆಯ ಕೆಳಗೆ, ಹೊಟ್ಟೆಯ ಮೇಲೆ, ಖಾರ ತಿಂದಾಗ ಉರಿಯುವ ಜಾಗವೊಂದಿದೆಯಲ್ಲ, ಅಲ್ಲಿ ಉರಿಯುತ್ತಿತ್ತು. ಅಕ್ಕನ ಮೇಲೆ ನನಗೆ ಪ್ರೀತಿಯಿಲ್ಲ ಎಂದು ತಿಳಿಯಬೇಡಿ. ಬಹಳ ಪ್ರೀತಿ. ಪ್ರೀತಿ ಬೇರೆ ಕಡೆ ಇರುತ್ತದೆ, ಈ ಉರಿ ಬೇರೆ ಕಡೆ ಇರುತ್ತದೆ. ಒಂದನ್ನೊಂದು ಕೇಳಿಕೊಂಡು ಬರುವುದಿಲ್ಲ.

ಅಕ್ಕ ಫಂಡು ಆರಿಸಿದ ದಿನ ನಾನೂ ಅಲ್ಲಿದ್ದೆ. ತಿಳಿದವನು ಅಂತ ಆಕೆಯೇ ಕರೆಸಿಕೊಂಡಿದ್ದಳು. ಕಲಬುರಗಿಯಿಂದ ಫಂಡು ಮಾಡಿಸುವ ಹೆಣ್ಣುಮಗಳೊಬ್ಬರು ಬಂದಿದ್ದರು. ಮೂರು ಫಂಡುಗಳ ಕಾಗದ ಚಾಪೆಯ ಮೇಲೆ ಹರವಿದರು. ನಾನು ಪತ್ರಿಕೆಗಳಿಂದ ಕತ್ತರಿಸಿಕೊಂಡು ಬಂದ ತುಣುಕುಗಳನ್ನು ಪಕ್ಕದಲ್ಲಿ ಹರವಿದೆ. ಮೂರು ವರ್ಷದ ಏರಿಕೆ, ಐದು ವರ್ಷದ ಏರಿಕೆ, ಖರ್ಚಿನ ಪ್ರಮಾಣ, ಫಂಡು ನಡೆಸುವವನ ಅನುಭವ, ಪತ್ರಿಕೆಯವರು ಐದರಲ್ಲಿ ಎಷ್ಟು ನಕ್ಷತ್ರ ಕೊಟ್ಟಿದ್ದಾರೆ, ಎಲ್ಲ ಹೇಳಿದೆ. ಅಕ್ಕ ಕಿವಿಗೊಟ್ಟು ಕೇಳಿದಳು. ಆಮೇಲೆ ಆ ಹೆಣ್ಣುಮಗಳ ಕಡೆ ತಿರುಗಿದಳು.

"ಬಾಯಾರ, ನಿಮ್ಮ ಅವ್ವ ಅದಾರೇನ್ರಿ?"

"ಅದಾರ್ರಿ."

"ಅವರ ಹೆಸರ್ಲೆ ಇದರಾಗ ಯಾವುದು ಹಾಕೀರಿ?"

ಆ ಹೆಣ್ಣುಮಗಳು ಸ್ವಲ್ಪ ತಡವರಿಸಿ, ನಕ್ಕು, ಮಧ್ಯದ ಕಾಗದದ ಮೇಲೆ ಬೆರಳಿಟ್ಟರು. ಅದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ.

"ಅದೇ ಬರೀರಿ ನನಗ" ಅಂದಳು ಅಕ್ಕ.

"ಅಕ್ಕ, ಹಂಗ ಆರಸಬಾರದು. ಅದರ ನಕ್ಷತ್ರ ನೋಡು, ಮೂರೇ ಅವ."

"ಇರಲಿ ಬಿಡೋ. ಮೂರರೆ ಅವಲ್ಲ" ಅಂದು ಚಹಾಕ್ಕೆ ನೀರಿಡಲು ಎದ್ದಳು.

ಅಲ್ಲಿಗೆ ಆಕೆಯ ಆಯ್ಕೆ ಮುಗಿಯಿತು. ಸಂಬಳ ಬಂದ ಮರುದಿನ ಕಂತು ಹೋಗುವಂತೆ ಬರೆಸಿದಳು. ಗೌರವಧನ ಹೆಚ್ಚಾದಾಗ ಕಂತನ್ನೂ ಸ್ವಲ್ಪ ಹೆಚ್ಚು ಮಾಡಿದಳು. ಉಳಿದಂತೆ ಆ ಕಡೆ ತಿರುಗಿ ನೋಡಲಿಲ್ಲ. ಕೆಲವು ವರ್ಷದ ನಂತರ ನಾನು, "ಏಜೆಂಟರ ಮೂಲಕ ಹಾಕಿದ್ರ ಕಮಿಷನ್ ಹೋಗ್ತದ. ಡೈರೆಕ್ಟ್ ಮಾಡಿಕೊಡ್ತೀನಿ, ಖರ್ಚು ಕಡಿಮಿ" ಅಂದೆ. ಅದು ಖರೇ ಮಾತು, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೆ. ಅಕ್ಕ, "ಅಕಿ ವರ್ಷಕ್ಕೊಮ್ಮೆ ಬಂದು ನನ್ನ ಬಾಜೂಕ ಕುಂತು ಚಾ ಕುಡದು, ರೊಕ್ಕ ಎಷ್ಟಾಗ್ಯಾವ ಅಂತ ಹೇಳಿ ಹೋಗ್ತಾಳ. ನಿನ್ನ ಡೈರೆಕ್ಟ್ ಬರ್ತದೇನು ಚಾ ಕುಡ್ಯಾಕ?" ಅಂದಳು.

ಇನ್ನು ನನ್ನ ಕಥೆ. ನಾನು ಫಂಡು ಆರಿಸುವುದನ್ನು ನೀವು ನೋಡಬೇಕಿತ್ತು. ನನ್ನ ಮೊದಲ ಫಂಡು ಹೊಸದಾಗಿ ಬಂದದ್ದು, ಯೂನಿಟ್ಟಿಗೆ ಹತ್ತು ರೂಪಾಯಿ. ಹಳೆಯ ಫಂಡುಗಳು ನೂರು ಇನ್ನೂರು ಇರುವಾಗ ಇದು ಹತ್ತಕ್ಕೇ ಸಿಗುತ್ತದೆ, ಎಷ್ಟು ಅಗ್ಗ ಎಂದು ಗಣಿತದ ಮಾಸ್ತರನಾದ ನಾನು ಹಿಗ್ಗಿದೆ. ಯೂನಿಟ್ಟಿನ ಬೆಲೆಗೂ ಅಗ್ಗತನಕ್ಕೂ ಸಂಬಂಧವಿಲ್ಲ, ಒಳಗಿರುವ ಷೇರುಗಳು ಎಷ್ಟು ಏರುತ್ತವೆ ಅನ್ನುವುದೇ ಮುಖ್ಯ ಎಂದು ನನಗೆ ತಿಳಿಸಿಕೊಟ್ಟವನು ನಮ್ಮ ಶಾಲೆಯ ಹಿಂದಿ ಮಾಸ್ತರ. ಆ ಅವಮಾನಕ್ಕೆ ಅದನ್ನು ಮಾರಿದೆ. ಆಮೇಲೆ ಆ ವರ್ಷ ಎಲ್ಲರಿಗಿಂತ ಮುಂದಿದ್ದ ಫಂಡು ಕೊಂಡೆ. ಮರುವರ್ಷ ಅದು ಹಿಂದೆ ಬಿತ್ತು, ಬೇರೊಂದು ಮುಂದೆ ಹೋಯಿತು. ಅದಕ್ಕೆ ಹಾರಿದೆ. ಔಷಧಿ ಕಂಪನಿಗಳ ಫಂಡು, ಮೂಲಸೌಕರ್ಯದ ಫಂಡು, ಬರೀ ಬ್ಯಾಂಕುಗಳ ಫಂಡು. ಸೇಡಂ ಸುತ್ತಮುತ್ತ ಸಿಮೆಂಟಿನ ಧೂಳು ಕುಡಿದು ಬದುಕುವವನಿಗೆ ಮೂಲಸೌಕರ್ಯ ಗೊತ್ತಿಲ್ಲದೆ ಯಾರಿಗೆ ಗೊತ್ತಿರಬೇಕು ಎಂಬ ಧಿಮಾಕು ಬೇರೆ. ಒಂದು ಕಾಲಕ್ಕೆ ನನ್ನ ಬಳಿ ಹದಿನಾಲ್ಕು ಫಂಡುಗಳಿದ್ದವು. ಹದಿನಾಲ್ಕರ ಒಳಗೂ ಬಹುಪಾಲು ಅವೇ ಕಂಪನಿಗಳು. ಹದಿನಾಲ್ಕು ಪಾತ್ರೆಯಲ್ಲಿ ಒಂದೇ ಬೇಳೆ ಬೇಯಿಸಿದಂತೆ.

ಪ್ರತಿ ಸಲ ಬೇಗ ಮಾರಿದ್ದಕ್ಕೆ ದಂಡ ಕಟ್ಟಿದೆ, ಲಾಭ ಬಂದರೆ ತೆರಿಗೆ ಕಟ್ಟಿದೆ. ಅಕ್ಕನಿಗಿಂತ ಜಾಸ್ತಿ ಹಾಕಿದ್ದೆ, ಜಾಸ್ತಿ ಓದಿದ್ದೆ, ಜಾಸ್ತಿ ಬೆವರಿದ್ದೆ. ತಿಂಗಳ ಮೊದಲ ವಾರ ಅಕ್ಕನ ಪತ್ರ ಬರುತ್ತಿತ್ತು. ನನ್ನ ಹದಿನಾಲ್ಕೂ ಕೂಡಿ ನೂರಕ್ಕೆ ಎಷ್ಟು ದುಡಿದಿವೆ, ಆಕೆಯ ಒಂದೇ ಒಂದು ಎಷ್ಟು ದುಡಿದಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಮಕ್ಕಳ ಉತ್ತರ ಪತ್ರಿಕೆ ತಿದ್ದುವ ಕೆಂಪು ಪೆನ್ನಿನಿಂದಲೇ ಹಾಕುತ್ತಿದ್ದೆ. ಪ್ರತಿ ಸಲ ನಾನು ನಪಾಸು.

ನಾನು ಅಕ್ಕನ ಮೇಲೆ ಹೊಟ್ಟೆಕಿಚ್ಚು ಪಡಲು ಫಂಡೇ ಬರಬೇಕಿರಲಿಲ್ಲ. ನಮ್ಮದು ನಾಲವಾರ. ಅಪ್ಪ ಶಹಾಬಾದಿನ ಫರ್ಸಿ ಕಲ್ಲಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದರು. ರಜೆ ಬಂದರೆ ನಮ್ಮಿಬ್ಬರನ್ನೂ ಶಹಾಬಾದಿನ ಸೋದರತ್ತೆಯ ಮನೆಗೆ ಕರೆದೊಯ್ಯುವರು. ಪ್ಯಾಸೆಂಜರ್ ರೈಲು ತುಂಬಿ ಬರುತ್ತಿತ್ತು. ನಾನು ಒಂದು ಡಬ್ಬಿಯಲ್ಲಿ ಜಾಗ ಸಿಗಲಿಲ್ಲವೆಂದು ಇನ್ನೊಂದಕ್ಕೆ ನುಗ್ಗುತ್ತಿದ್ದೆ. ವಾಡಿಯಲ್ಲಿ ರೈಲು ಬಹಳ ಹೊತ್ತು ನಿಲ್ಲುತ್ತದಲ್ಲ, ಅಲ್ಲಿ ಇಳಿದು ಮುಂದಿನ ಡಬ್ಬಿ, ಅದರ ಮುಂದಿನ ಡಬ್ಬಿ ನೋಡಿ ಬರುತ್ತಿದ್ದೆ. ಅಕ್ಕ ಹತ್ತಿದ ಬಾಗಿಲ ಬಳಿಯೇ ನಿಂತಿರುತ್ತಿದ್ದಳು. ನಾನು ಬೆವತು ತಿರುಗಿ ಬರುವಷ್ಟರಲ್ಲಿ ಯಾರೋ ಅಜ್ಜಿ, "ಬಾರವ್ವ ಕೂಸ, ಕುಂದ್ರು" ಎಂದು ಸರಿದು ಜಾಗ ಕೊಟ್ಟಿರುತ್ತಿದ್ದರು. ಅಕ್ಕ ಕಿಟಕಿಯ ಪಕ್ಕ ಕುಳಿತು ಕಡಲೆಕಾಯಿ ಸುಲಿಯುತ್ತಿರುತ್ತಿದ್ದಳು. ನನಗೂ ಕೊಡುತ್ತಿದ್ದಳು. ಕೊಡುತ್ತಿದ್ದಳು ಅನ್ನುವುದೇ ನನಗೆ ಆಗುತ್ತಿರಲಿಲ್ಲ.

ಊರಿನ ಮಠದಲ್ಲಿ ದಾಸೋಹಕ್ಕೆ ಕುಳಿತರೂ ಅದೇ. ಹುಗ್ಗಿ ಆ ಸಾಲಿಗೆ ಮೊದಲು ಬರುತ್ತದೆ ಎನಿಸಿ ನಾನು ಎದ್ದು ಆ ಸಾಲಿಗೆ ಹೋದರೆ, ಬಡಿಸುವವರು ತಿರುಗಿ ಈ ಸಾಲಿಗೆ ಬರುವರು. ಒಂದು ಸಲ ಹೀಗೆ ಎರಡು ಬಾರಿ ಸಾಲು ಬದಲಿಸಿ, ಹುಗ್ಗಿಯೇ ತಪ್ಪಿ, ಬರೀ ಅನ್ನ ಸಾರು ಉಂಡು ಅತ್ತುಕೊಂಡು ಮನೆಗೆ ಬಂದಿದ್ದೇನೆ. ಅಕ್ಕ ಎರಡು ಸಲ ಹಾಕಿಸಿಕೊಂಡಿದ್ದಳು.

ಈಗ ಹೇಳಲೇಬೇಕಾದ ಒಂದು ಮಾತಿದೆ. ಇದನ್ನು ಬಿಟ್ಟು ನಾನು ಬರೆದರೆ ನೀವು ನನ್ನನ್ನು ಬರೀ ತಮಾಷೆಯ ಮನುಷ್ಯ ಎಂದು ತಿಳಿಯುತ್ತೀರಿ. ಅಕ್ಕ ಏಳನೆಯ ಇಯತ್ತೆಯಲ್ಲಿ ಶಾಲೆಗೇ ಮೊದಲಿಗಳು. ಆಕೆಯನ್ನು ಅಲ್ಲಿಗೇ ಬಿಡಿಸಿದರು. ನನ್ನನ್ನು ಮುಂದೆ ಓದಿಸಿದರು. ಭಿನ್ನರಾಶಿ ನನಗೆ ತಿಳಿಯದೆ ಒದ್ದಾಡುವಾಗ ಪಡಸಾಲೆಯ ಫರ್ಸಿಯ ಮೇಲೆ ಬಿಳಿ ಕಲ್ಲಿನ ಚೂರಿನಿಂದ ರೊಟ್ಟಿ ಬರೆದು, ನಾಲ್ಕು ಭಾಗ ಮಾಡಿ, ಎಂಟು ಭಾಗ ಮಾಡಿ ಕಲಿಸಿದವಳು ಆಕೆ. ಮದುವೆಯಾದ ಮೇಲೆ ಹೊರಗಿನಿಂದ ಹತ್ತನೆಯದು ಕಟ್ಟಿ ಪಾಸಾಗಿ ಅಂಗನವಾಡಿ ಸೇರಿದಳು. ಅಂದರೆ ನಾನು ತಿನ್ನುವ ಲೆಕ್ಕದ ಮಾಸ್ತರಿಕೆಯ ಅನ್ನ ಆಕೆಯದು. ಹೊಟ್ಟೆಕಿಚ್ಚು ಪಡುವುದಿದ್ದರೆ ಆಕೆ ಪಡಬೇಕಿತ್ತು. ಆಕೆ ಪಡಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚೇ.

ಕೊರೊನಾ ಬಂದ ವರ್ಷ. ಎಲ್ಲ ಬಂದ್. ಶಾಲೆ ಮುಚ್ಚಿತ್ತು, ಬಸ್ಸು ನಿಂತಿದ್ದವು, ವಾಡಿಯ ರೈಲುಗಳು ನಿಂತಲ್ಲೇ ನಿಂತಿದ್ದವು. ಷೇರು ಪೇಟೆ ದಿನಾ ಬೀಳುತ್ತಿತ್ತು. ಒಂದು ಬೆಳಿಗ್ಗೆ ಅಕ್ಕನ ಫೋನು.

"ಚನ್ನು, ಫಂಡು ಭಾಳ ಇಳದಾವಂತಲ್ಲೋ. ಟೀವಿಯಾಗ ಹೇಳಾಕತ್ತಾರ. ನಂದು ಎಷ್ಟಾಗ್ಯದ ನೋಡು."

"ತಡಿ, ನೋಡ್ತೀನಿ" ಅಂದೆ. ನೋಡುವುದೇನಿತ್ತು. ಹಿಂದಿನ ದಿನವೇ ಆಕೆಯ ಖಾತೆ ತೆರೆದು, ಎಷ್ಟು ಕರಗಿದೆ ಅನ್ನುವುದನ್ನು ಪೈಸೆ ಸಮೇತ ನೋಡಿದ್ದೆ. ನೋಡಿ ಸಮಾಧಾನವೂ ಆಗಿತ್ತು. ಮೊತ್ತ ಹೇಳಿದೆ.

"ಇದು ಮನಿಗಂತ ಇಟ್ಟಿದ್ದಪ್ಪ" ಅಂದಳು. ಅಕ್ಕನಿಗೆ ತನ್ನ ಹೆಸರಿನಲ್ಲಿ ಒಂದು ಮನೆ ಕಟ್ಟಿಸುವ ಆಸೆ. ಆಕೆಯ ಗಂಡ, ನಮ್ಮ ಮಾವ, ಬಸ್ಸಿನ ಚಾಲಕರು, ನಿವೃತ್ತಿಯ ಹತ್ತಿರ ಬಂದಿದ್ದರು. ಅವರಿಗೆ ಬರುವ ದುಡ್ಡಿಗೆ ಇದನ್ನು ಕೂಡಿಸಿ ಕಟ್ಟಿಸುವ ಲೆಕ್ಕ. "ಏನ್ ಮಾಡ್ಲಿ ಹೇಳು. ನನಗ ಇದ್ರಾಗಿಂದು ತಿಳಿಯಂಗಿಲ್ಲ."

ಬಿದ್ದಾಗ ಮಾರಬಾರದು. ತುರ್ತು ಇಲ್ಲದಿದ್ದರೆ ಕೈ ಕಟ್ಟಿ ಕೂರಬೇಕು. ಅದೇ ವಾರ ಇದೇ ಮಾತನ್ನು ನಮ್ಮ ಹಿಂದಿ ಮಾಸ್ತರನಿಗೆ ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದೆ. ಅಕ್ಕನಿಗೆ ಹೇಳಲು ಬಾಯಿ ತೆರೆದೆ. ಬಂದ ಮಾತು ಬೇರೆ.

"ತಗದುಬಿಡಕ್ಕ."

"ತಗೀಲಿ?"

"ಎಲ್ಲಾ ತಗಿ. ಇನ್ನೂ ಇಳೀತದ. ಇದು ಸಣ್ಣ ಪೆಟ್ಟಲ್ಲ."

ಆ ಕಡೆ ಕುಕ್ಕರು ಸೀಟಿ ಹೊಡೆಯಿತು. ಅಕ್ಕ ಹೋಗಿ ಒಲೆ ಸಣ್ಣ ಮಾಡಿ ಬಂದಳು. "ನೀ ಓದಿದಾಂವ. ನೀ ಹೇಳಿದ್ರ ಖರೇ ಇರ್ತದ" ಅಂದಳು. ಆಮೇಲೆ, "ಆದ್ರ ಎಲ್ಲಾ ಬ್ಯಾಡೋ. ಅರ್ಧ ತಗಿ" ಅಂದಳು.

ಎಲ್ಲಾ ತೆಗೆಯುವಂತೆ ನಾನು ಮತ್ತೊಮ್ಮೆ ಹೇಳಿದೆ. ಆಕೆ ಕೇಳಲಿಲ್ಲ. ಆಕೆಯ ಖಾತೆಗೆ ನಾನೇ ಮೊಬೈಲಿನಿಂದ ಹೋದೆ. ಅರ್ಧ ಯೂನಿಟ್ಟುಗಳನ್ನು ಬರೆದೆ. ಒಟಿಪಿ ಆಕೆಯ ಫೋನಿಗೆ ಬಂತು. ಅಂಗನವಾಡಿಯಲ್ಲಿ ಮಕ್ಕಳಿಗೆ ಎಣಿಸಲು ಕಲಿಸುವಂತೆ ಆಕೆ ಒಂದೊಂದೇ ಅಂಕಿ ನಿಧಾನವಾಗಿ ಓದಿದಳು. "ನಾಕು. ಏಳು. ಸೊನ್ನಿ. ಬರಕೊಂಡ್ಯಾ? ಎರಡು..." ನಾನು ಒತ್ತಿದೆ. ಆಯಿತು ಅಂದೆ. "ಚಲೋ ಆತು ನೀ ಇದ್ದಿ" ಅಂದಳು.

ಆ ಮಧ್ಯಾಹ್ನ ನಾನು ಎರಡು ರೊಟ್ಟಿ ಜಾಸ್ತಿ ತಿಂದೆ. ಸುವರ್ಣಾ ಬೆರಗಾಗಿ ನೋಡಿದಳು. ಯಾಕೆ ಹಾಗೆ ಹೇಳಿದೆ ಅಂತ ನೀವು ಕೇಳಬಹುದು. ಅಕ್ಕನಿಗೆ ನಷ್ಟವಾಗಲಿ ಅಂತಲೋ? ಅಲ್ಲ, ಅಷ್ಟು ನೀಚನಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಒಂದು ಸಲವಾದರೂ ಆಕೆ ಎದ್ದು ಜಾಗ ಬದಲಿಸಲಿ, ನನ್ನಂತೆ ತಪ್ಪು ಮಾಡಲಿ, ನಾನೂ ಆಕೆಯೂ ಸಮ ಆಗಲಿ ಅನ್ನಿಸಿತ್ತು. ಇದಕ್ಕೂ ನೀಚತನಕ್ಕೂ ಏನು ವ್ಯತ್ಯಾಸ ಎಂದು ಇವತ್ತಿಗೂ ನನಗೆ ತಿಳಿದಿಲ್ಲ.

ಇನ್ನೊಂದಿದೆ. ಅದೇ ವಾರ ನಾನು ನನ್ನ ಉಳಿತಾಯದ ಖಾತೆಯಿಂದ ಸ್ವಲ್ಪ ದುಡ್ಡು ತೆಗೆದು ಒಂದು ಫಂಡಿಗೆ ಹಾಕಿದೆ. ಅಕ್ಕನ ಫಂಡಿಗೇ.

ಆಮೇಲೆ ಆದದ್ದು ನಿಮಗೆ ಗೊತ್ತು. ಪೇಟೆ ಎದ್ದಿತು. ನಾವು ಮಾಸ್ಕು ಹಾಕಿಕೊಂಡು ಓಡಾಡುತ್ತಿರುವಾಗಲೇ ಅದು ಮೊದಲಿನ ಎತ್ತರಕ್ಕೆ ಬಂದು ಅದನ್ನೂ ದಾಟಿತು. ನಾನು ಹಾಕಿದ್ದು ನಾಲ್ಕೇ ತಿಂಗಳಲ್ಲಿ ಚೆನ್ನಾಗಿ ಏರಿತು. ಬುದ್ಧಿವಂತನಂತೆ ಮಾರಿ ಔಷಧಿ ಕಂಪನಿಗಳ ಫಂಡಿಗೆ ಹಾರಿದೆ. ಅದು ಅಲ್ಲೇ ಮಲಗಿತು. ಅಕ್ಕನ ಉಳಿದರ್ಧ ಮಾತ್ರ ಏರುತ್ತಲೇ ಇತ್ತು. ತಿಂಗಳ ಪತ್ರ ಬಂದಾಗ ನಾನು ಆ ಮೊತ್ತವನ್ನು ಎರಡರಿಂದ ಗುಣಿಸುತ್ತಿದ್ದೆ. ಗುಣಿಸಿ ಬಂದ ಸಂಖ್ಯೆ ನನ್ನನ್ನು ನೋಡುತ್ತಿತ್ತು. ತೆಗೆದ ಅರ್ಧವನ್ನು ಅಕ್ಕ ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದಳು. ಅದು ಇದ್ದಲ್ಲೇ ಇತ್ತು. ಆಕೆ ಒಂದು ದಿನವೂ ನನ್ನನ್ನು ಕೇಳಲಿಲ್ಲ.

ಎರಡು ವರ್ಷದ ಮೇಲೆ ಆ ಠೇವಣಿ, ಫಂಡಿನ ಉಳಿದರ್ಧ, ಮಾವನ ನಿವೃತ್ತಿಯ ದುಡ್ಡು ಎಲ್ಲ ಕೂಡಿ ಚಿಂಚೋಳಿಯಲ್ಲಿ ಮನೆಯಾಯಿತು. ಗೃಹಪ್ರವೇಶಕ್ಕೆ ನಾನೂ ಸುವರ್ಣಾಳೂ ಹೋದೆವು. ಬಾಗಿಲ ಮೇಲೆ ಅಕ್ಕನ ಹೆಸರು. ಒಳಗೆ ಶಹಾಬಾದಿ ಫರ್ಸಿ, ತಣ್ಣಗೆ, ಅಪ್ಪ ಇದ್ದಿದ್ದರೆ ಬಗ್ಗಿ ಅಂಗೈಯಿಂದ ಸವರಿ ನೋಡುತ್ತಿದ್ದರು. ಹೋಳಿಗೆ ಊಟವಾದ ಮೇಲೆ ಮಾವ ಮನೆ ತೋರಿಸಿದರು. ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದರೆ ಅಲ್ಲಿ ಏನೂ ಇರಲಿಲ್ಲ. ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಸರಳುಗಳ ಗೊಂಚಲು ಮೇಲೆದ್ದು ನಿಂತಿದ್ದವು.

"ಇಲ್ಲೊಂದು ಖೋಲಿ ಆಗೋದಿತ್ರೀ" ಅಂದರು ಮಾವ. "ನಿಮ್ಮ ಅಕ್ಕಂದು ಅದೊಂದೇ ಹಟ. ಗುಡ್ಡದ ಕಡಿ ಕಿಟಕಿ ಇಟ್ಟು ತನಗಂತ ಒಂದು ಖೋಲಿ ಬೇಕಂತ. ಹುಟ್ಟಿದಾಗಿಂದ ಹತ್ತು ಮಂದಿ ನಡುವ ಮಲಗೀನಿ, ಒಂದು ಬಾಗಲಾ ಹಾಕ್ಕೊಂಡು ಕುಂದ್ರಬೇಕು ಅಂತಾಳ. ರೊಕ್ಕ ಸಾಲಲಿಲ್ಲ. ಮುಂದ ನೋಡಬೇಕು."

ಮಾವ ಕೆಳಗಿಳಿದರು. ನಾನು ಅಲ್ಲೇ ನಿಂತೆ. ಎಷ್ಟು ಸಾಲಲಿಲ್ಲ ಅನ್ನುವುದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಎರಡು ವರ್ಷ ತಿಂಗಳು ತಿಂಗಳು ಗುಣಿಸಿದವನು ನಾನು. ಆ ಖೋಲಿಯ ನಾಲ್ಕು ಗೋಡೆ, ಕಿಟಕಿ, ಬಾಗಿಲು ಎಲ್ಲವನ್ನೂ ನಾನು ಒಂದು ಬೆರಳಿನಿಂದ ಒತ್ತಿ ತೆಗೆದುಹಾಕಿದ್ದೆ.

ಅಕ್ಕ ನನ್ನನ್ನು ಹುಡುಕಿಕೊಂಡು ಮೇಲೆ ಬಂದಳು. ಹೊಸ ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ. ಬಹಳ ಖುಷಿಯಲ್ಲಿದ್ದಳು. ಆ ಖುಷಿ ನೋಡಿಯೂ ಒಳಗೆ ಎಲ್ಲೋ ಉರಿಯಿತು ನೋಡಿ, ಆಗ ನನಗೆ ನನ್ನ ಬಗ್ಗೆಯೇ ಹೆದರಿಕೆಯಾಯಿತು.

"ಅಕ್ಕ, ಅವತ್ತು ಫಂಡು ತಗಿ ಅಂದೆನಲ್ಲ. ಅದು ತಪ್ಪಾತು."

"ನಿನಗೇನ್ ಗೊತ್ತೋ ಏರ್ತದಂತ. ಬಿಡು."

"ಗೊತ್ತಿತ್ತು. ತಗೀಬಾರದು ಅಂತ ಗೊತ್ತಿತ್ತು. ಹೊಟ್ಟಿಕಿಚ್ಚಿಗೆ ಹೇಳ್ದೆ."

ಅಕ್ಕ ನನ್ನ ಮುಖ ನೋಡಿದಳು. ತಮಾಷೆ ಮಾಡುತ್ತಿದ್ದೇನೋ ಎಂದು ನೋಡಿದಳು. ಆಮೇಲೆ ಕೇಳಿದಳು: "ನಿಂದೂ ತಗದಿದ್ದೇನು ಅವತ್ತು?"

ಸುಳ್ಳು ಹೇಳಲು ಅದೊಂದು ಕೊನೆಯ ಅವಕಾಶ. "ಇಲ್ಲ. ಅದೇ ವಾರ ನಾ ಅದೇ ಫಂಡಿಗೆ ಹಾಕ್ದೆ" ಅಂದೆ.

ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ. ಸೀರೆಯ ನೆರಿಗೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದಳು. ಹೊರಡುವಾಗ ಸುವರ್ಣಾಳಿಗೆ ಕುಂಕುಮ ಹಚ್ಚಿ, ಕುಬಸದ ಬಟ್ಟೆ ಕೊಟ್ಟಳು. ನನ್ನ ಕಡೆ ನೋಡಲಿಲ್ಲ. ಮರುತಿಂಗಳು ಮೊದಲ ವಾರ ಪತ್ರ ಬರಲಿಲ್ಲ. ಕಂತು ನಿಂತಿರಲಿಲ್ಲ, ಆ ಫಂಡಿನ ಹೆಣ್ಣುಮಗಳನ್ನು ಕರೆಸಿ ಇಮೇಲ್ ಬದಲಿಸಿದ್ದಳು. ಫೋನು ಮಾಡಿದರೆ ಮಾವ ಎತ್ತಿಕೊಂಡು, "ಅಕಿ ಚಿಮ್ಮನಚೋಡಕ್ಕ ಹೋಗ್ಯಾಳ್ರಿ" ಅನ್ನುತ್ತಿದ್ದರು. ಭಾನುವಾರವೂ ಅದೇ. ಸುವರ್ಣಾ ಕೇಳಿದಳು, ಎಲ್ಲ ಹೇಳಿದೆ. ಆಕೆ ಎರಡು ದಿನ ನನಗೆ ಬರೀ ತಟ್ಟೆ ಇಟ್ಟು ಹೋದಳು, ಬಡಿಸಲಿಲ್ಲ.

ನಾಲ್ಕು ತಿಂಗಳಾಯಿತು. ಒಂದು ಮಧ್ಯಾಹ್ನ ಶಾಲೆಯಿಂದ ಬಂದರೆ ಅಕ್ಕ ನಮ್ಮ ಪಡಸಾಲೆಯಲ್ಲಿ ಕುಳಿತಿದ್ದಳು. ಚಿಂಚೋಳಿಯ ಬಸ್ಸಿಗೆ ಒಬ್ಬಳೇ ಬಂದಿದ್ದಳು. ಚೀಲದಿಂದ ಒಂದು ಕಾಗದ ತೆಗೆದು ನನ್ನ ಮುಂದೆ ಇಟ್ಟಳು. ಗೌಂಡಿಯ ಕೈಬರಹ. ಇಟ್ಟಿಗೆ, ಉಸುಕು, ಸಿಮೆಂಟು, ಕೂಲಿ.

"ಆ ಖೋಲೀದು. ಇದರಾಗ ಅರ್ಧ ನಂದು, ಅರ್ಧ ನಿಂದು" ಅಂದಳು.

ನನಗೆ ಅಳು ಬಂತು. "ಪೂರಾ ಕೊಡ್ತೀನಕ್ಕ. ನಾಳೆನೇ ಕೊಡ್ತೀನಿ."

"ಬ್ಯಾಡ. ಒಂದೇ ಸಲ ಕೊಟ್ರ ಒಂದೇ ಸಲ ಮರೀತಿ. ತಿಂಗಳಾ ತಿಂಗಳಾ ಹಾಕು. ನನ್ನ ಫಂಡಿನಾಗೇ ಹಾಕು. ಅರ್ಧ ಆದ ದಿನ ಹೇಳು."

ಆ ಹೊತ್ತಿಗೂ ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಹಾಕ್ತೀನಿ. ಆದ್ರ ಈಗ ಅದಕ್ಕಿಂತ ಚಲೋ ಒಂದು ಫಂಡು..." ಅಂದೆ. ಒಳಗಿನಿಂದ ಸುವರ್ಣಾ ಪಾತ್ರೆ ಜೋರಾಗಿ ಕುಕ್ಕಿದಳು. ಅಕ್ಕ ಗೌಂಡಿಯ ಕಾಗದವನ್ನು ಇನ್ನಷ್ಟು ನನ್ನ ಕಡೆ ಸರಿಸಿದಳು. ಅಲ್ಲೇ ಆಕೆಯ ಎದುರೇ ಕುಳಿತು ಆಕೆಯ ಫಂಡಿಗೇ ನನ್ನ ಹೆಸರಿನಲ್ಲಿ ತಿಂಗಳ ಕಂತು ಬರೆದೆ.

ನನ್ನ ಬಾಳಿನಲ್ಲಿ ಮೂರು ವರ್ಷ ಮುಟ್ಟದೆ ಇಟ್ಟುಕೊಂಡ ಫಂಡು ಅದೊಂದೇ. ಮಾರಲು ಬೆರಳು ತುರಿಸಿದಾಗಲೆಲ್ಲ ಅದು ಖೋಲಿಯ ದುಡ್ಡು, ನನ್ನದಲ್ಲ ಎಂದು ಬಿಟ್ಟೆ. ಈ ನಡುವೆ ಉಳಿದವನ್ನು ಕಡಿಮೆ ಮಾಡುತ್ತ ಬಂದು ನಾಲ್ಕಕ್ಕೆ ಇಳಿಸಿದ್ದೇನೆ. ಯಾವ ಫಂಡು ಆರಿಸಬೇಕು ಎಂದು ಈಗ ಯಾರಾದರೂ ಕೇಳಿದರೆ ನಾನು ಯಾವುದಕ್ಕೆ ಆ ದುಡ್ಡು, ಎಷ್ಟು ವರ್ಷ ಬಿಡುತ್ತೀರಿ ಎಂದಷ್ಟೇ ಕೇಳುತ್ತೇನೆ. ಅದಕ್ಕೆ ಉತ್ತರವಿದ್ದವರು ಸಾಧಾರಣ ಫಂಡು ಹಿಡಿದೂ ದಡ ಸೇರುತ್ತಾರೆ. ಉತ್ತರವಿಲ್ಲದೆ ಒಳ್ಳೊಳ್ಳೆಯ ಫಂಡುಗಳನ್ನು ಹಿಡಿದು ಬಿಟ್ಟವನ ಗತಿ ನಿಮ್ಮ ಮುಂದೆಯೇ ಇದೆ. ನನ್ನ ಎಲ್ಲ ಫಂಡುಗಳ ಪೈಕಿ ಅತ್ಯಂತ ಚೆನ್ನಾಗಿ ಬೆಳೆದದ್ದು ಯಾವುದು ಅಂತ ಬೇರೆ ಹೇಳಬೇಕಿಲ್ಲ. ಮೊಬೈಲಿನಲ್ಲಿ ಅದು ಎಲ್ಲಕ್ಕಿಂತ ಮೇಲೆ ಹಸಿರಾಗಿ ಕಾಣುವಾಗ, ಅದೂ ಅಕ್ಕನದೇ ಅನ್ನುವುದು ನೆನಪಾಗಿ ಆ ಹಳೆಯ ಜಾಗದಲ್ಲಿ ಮತ್ತೆ ಉರಿಯುತ್ತಿತ್ತು. ಹೌದು, ನನ್ನದೇ ಖಾತೆಯ ಮೇಲೆ ನನಗೆ ಹೊಟ್ಟೆಕಿಚ್ಚು.

ಅರ್ಧದ ಮೊತ್ತ ದಾಟಿದ ದಿನ ಹೇಳಬೇಕಲ್ಲ. ಹೇಳಿದೆ. ಹೇಳಿ, "ಇನ್ನೊಂದೆರಡು ವರ್ಷ ಬಿಡಕ್ಕ. ಚಲೋ ಬೆಳ್ಯಾಕತ್ತದ" ಅಂದೆ. ಇದನ್ನಾದರೂ ಒಳ್ಳೆಯ ಮನಸ್ಸಿನಿಂದಲೇ ಅಂದೆ ಅಂತ ನಂಬಿ.

"ಖೋಲಿ ಬೇಕಂತ ಹಾಕಿದ್ದೋ ಅದು. ಬೆಳೀಲಿ ಅಂತ ಅಲ್ಲ" ಅಂದಳು ಅಕ್ಕ. "ತಗಿ."

ಈ ಸಲ ತೆಗೆಯಲು ನನಗೆ ಕಷ್ಟವಾಯಿತು. ತೆಗೆದೆ.

ಈ ವರ್ಷ ತೊಗರಿ ರಾಶಿ ಮುಗಿಯುವ ಹೊತ್ತಿಗೆ ಖೋಲಿ ಆಯಿತು. ಹೋದ ತಿಂಗಳು ನೋಡಲು ಹೋದೆ. ಸಣ್ಣದು. ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಕಿಟಕಿಯಾಚೆ ಬಯಲು, ಅದರಾಚೆ ಚಿಂಚೋಳಿಯ ಗುಡ್ಡದ ಸಾಲು. ಒಳಗೆ ಗೋಡೆಗೊಂದು ಕಪಾಟು, ಅದರಲ್ಲಿ ನಾಲ್ಕೈದು ಪುಸ್ತಕ, ಕಿಟಕಿಯ ಬಳಿ ಬೆತ್ತದ ಒಂದು ಕುರ್ಚಿ. ಒಂದೇ.

"ಇನ್ನೊಂದು ಕುರ್ಚಿ ತಂದು ಹಾಕ್ಲೇನಕ್ಕ? ನಾ ಬಂದಾಗ..." ಅಂದೆ.

"ನೀ ಬಂದಾಗ ಕೆಳಗ ಪಡಸಾಲ್ಯಾಗ ಕುಂದ್ರು. ಇದು ನನ್ನ ಖೋಲಿ" ಅಂದು ಅಕ್ಕ ಚಹಾ ಮಾಡಲು ಕೆಳಗೆ ಹೋದಳು.

ನಾನು ಒಬ್ಬನೇ ಉಳಿದೆ. ಮೆಲ್ಲಗೆ ಹೋಗಿ ಆ ಕುರ್ಚಿಯಲ್ಲಿ ಕುಳಿತೆ. ಗುಡ್ಡದ ಕಡೆಯಿಂದ ಗಾಳಿ ಬಂತು. ಬಾಗಿಲ ಆಚೆ ಯಾರ ಮಾತೂ ಕೇಳುತ್ತಿರಲಿಲ್ಲ. ಐವತ್ತು ದಾಟಿದ ಮೇಲೆ ಮೊದಲ ಸಲ ನನಗೂ ಇಂಥದೊಂದು ಖೋಲಿ ಬೇಕಿತ್ತು ಅನ್ನಿಸಿತು. ಬಹಳ ಅನ್ನಿಸಿತು.

"ಚನ್ನು," ಮೆಟ್ಟಿಲ ಕೆಳಗಿನಿಂದ ಅಕ್ಕನ ಧ್ವನಿ ಬಂತು, "ಏಳು ಅದರ ಮ್ಯಾಲಿಂದ."

ಎದ್ದೆ.